ಕೆಂಪು ಬಣ್ಣದ ಕನ್ನಡ ಅಂಕಿಗಳು

ಜಮಖಂಡಿ, ಜೂನ್ ೧೮, ಬುಧವಾರ

ಬಣ್ಣ ಅಳಿಸುವ ಥಿನ್ನರ್ ವಾಸನೆ ಇನ್ನೂ ನನ್ನ ಕೈಯಿಂದ ಹೋಗಿಲ್ಲ.

ಅತ್ತೆಯವರ ಹಳೆಯ ಗೋಡೆ ಗಡಿಯಾರವನ್ನು ಹರಾಜಿಗೆ ಒಯ್ಯಲು ಇವತ್ತು ಬೆಳಗಾವಿಯ ದಲ್ಲಾಳಿ ಬಂದಿದ್ದ. ಅತ್ತೆಗೆ ರೋಮನ್ ಅಂಕಿ ತಿಳಿಯುವುದಿಲ್ಲವೆಂದು, ತಮ್ಮ ಮದುವೆಯಾದ ಹೊಸದರಲ್ಲಿ, ಈಗಿಲ್ಲದ ಮಾವನವರು ಅದರ ಮೇಲೆ ಕೆಂಪು ಬಣ್ಣದಲ್ಲಿ ಕನ್ನಡ ಅಂಕಿ ಬರೆದಿದ್ದರಂತೆ. ಅತ್ತೆ ಕಲಿತ ಓದು ಅಷ್ಟೇ.

“ಈ ಕೆಂಪು ಅಂಕಿ ಅಳಿಸಿದ್ರ ಛಲೋ ರೇಟ್ ಬರ್ತೈತ್ರಿ,” ಎಂದ ದಲ್ಲಾಳಿ.

“ಅಳಸ್ರಿ,” ಎಂದರು ನಮ್ಮ ಮನೆಯವರು, ತಾಯಿಯನ್ನು ಕೇಳದೆ.

ಅವನು ಥಿನ್ನರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸತೊಡಗಿದ. ಹನ್ನೆರಡರ ಅಂಕಿ ಮಾಸಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಹತ್ತಿ ಕಿತ್ತುಕೊಂಡೆ.

“ರಾಜಶ್ರೀ, ಏನ್ ಮಾಡಾಕತ್ತೀ?” ಮನೆಯವರು ಗದರಿದರು.

ನಾನು ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದೇ ಹೇಳಿದೆ: “ಗಡಿಯಾರ ಅತ್ತೀದೈತ್ರಿ. ಅವರನ್ನ ಒಂದ್ ಮಾತ ಕೇಳ್ರಿ.”

ಅತ್ತೆ ಮಗನ ಕಡೆ ನೋಡಲೇ ಇಲ್ಲ. ದಲ್ಲಾಳಿಗೆ ಹೇಳಿದರು: “ಅಂಕಿ ಇದ್ದಂಗ ಒಯ್ಯೂದಾದ್ರ ಒಯ್ರಿ. ಇಲ್ಲಾಂದ್ರ ಗ್ವಾಡಿಗೆ ಹಾಕ್ರಿ.”

ಅವನು ಬರಿಗೈಯಲ್ಲಿ ಹೋದ.

ಮನೆಯವರು ಉಣ್ಣದೆ ಮಲಗಿದ್ದಾರೆ. ನಾಳೆ ದಲ್ಲಾಳಿಯನ್ನು ಮತ್ತೆ ಕರೆಸುತ್ತಾರಂತೆ. ಅತ್ತೆ ಹಾಸಿಗೆಯನ್ನು ಗಡಿಯಾರದ ಕೆಳಗೇ ಹಾಸಿಕೊಂಡಿದ್ದಾರೆ, ಇನ್ನೂ ನಿದ್ದೆ ಹತ್ತಿಲ್ಲ. ನನ್ನ ಚಾಪೆಯನ್ನೂ ಅಲ್ಲಿಗೇ ಒಯ್ಯುತ್ತೇನೆ. ಬೆಳಗಾದ ಮೇಲೆ ಮನೆಯವರು ಏನೇ ಅನ್ನಲಿ...