ಯಾರೂ ಸಾಯದ ಪ್ರಯೋಗ

ವೂಶಿ
9 ನವೆಂಬರ್ 2004

ಪ್ರೀತಿಯ ಯಾವ್‌ಚಿನ್,

ನೀನೂ ನಿನ್ನ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ನಿನ್ನ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ ಇದೆಯೆಂದು ನಿನ್ನ ಪತ್ರದಲ್ಲಿ ಓದಿದೆ. ‘ಆ ಮೂಲಿಕೆ ಪುಡಿ ತಗೊಳ್ಳಲಾ ಅತ್ತೆ? ಅದರಿಂದ ವಾಸಿಯಾಗುತ್ತೆ ಅಂತ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆಯಂತೆ’ ಎಂದು ಕೇಳಿದ್ದೆ. ಸುಮ್ಮನೆ ಹೂಂ ಎನ್ನಲು ಮನಸ್ಸಾಗಲಿಲ್ಲ. ಇಂಥ ಸಂಶೋಧನೆಗಳ ಗುಣಮಟ್ಟ ನೋಡುವುದೇ ನನ್ನ ಕೆಲಸವಲ್ಲವೇ?

ಆ ಪುಡಿಯ ಬಗ್ಗೆ ಬಂದ ಲೇಖನಗಳನ್ನೆಲ್ಲ ತರಿಸಿ ಓದಿದೆ. ಎಲ್ಲದರಲ್ಲೂ ಒಂದೇ ರಾಗ: ಯಾರಿಗೆ ಪುಡಿ, ಯಾರಿಗೆ ಹಳೆಯ ಗುಳಿಗೆ ಎಂದು ಚೀಟಿ ಎತ್ತಿ ನಿರ್ಧರಿಸಿದೆವು, ಪುಡಿ ತೆಗೆದುಕೊಂಡವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು, ಯಾರೂ ಸಾಯಲಿಲ್ಲ. ಯಾರೂ ಅಂದರೆ ಯಾರೂ! ಅನುಮಾನ ಬಂದು, ಎಲ್ಲಕ್ಕಿಂತ ದೊಡ್ಡ ಪ್ರಯೋಗ ನಡೆಸಿದ ಡಾಕ್ಟರ್ ತಾಂಗ್ ಅವರಿಗೆ ಫೋನ್ ಮಾಡಿದೆ.

“ಚೀಟಿ ಹೇಗೆ ಎತ್ತಿದ್ರಿ ಡಾಕ್ಟ್ರೇ?”

“ಯಾವ ಚೀಟಿ ಮೇಡಂ?” ಎಂದು ನಕ್ಕರು. “ಗಟ್ಟಿಮುಟ್ಟಾಗಿದ್ದೋರಿಗೆ ಪುಡಿ ಕೊಟ್ವಿ, ತೀರಾ ಸೊರಗಿದ್ದೋರಿಗೆ ಗುಳಿಗೆ. ಚೀಟಿ ಅಂತ ಇಲ್ದಿದ್ರೆ ಅಚ್ಚು ಹಾಕಲ್ಲ ಅಂದ್ರು ಪತ್ರಿಕೆಯೋರು. ಸರಿ, ಬರೆದ್ವಿ.”

“ಮತ್ತೆ ಮಧ್ಯದಲ್ಲಿ ತೀರಿಕೊಂಡೋರು?”

“ಅವ್ರನ್ನ ಹೆಂಗೆ ಲೆಕ್ಕಕ್ಕೆ ತಗೊಳ್ಳೋದು? ಔಷಧಿ ಪೂರ್ತಿ ಮುಗಿಸಿಲ್ವಲ್ಲ!”

ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ. ಉಳಿದವರನ್ನೂ ಕೇಳುತ್ತೇನೆ ಎಂದಾಗ ಅವರೇ ಸಮಾಧಾನ ಮಾಡಿದರು: “ಹೀಗೆ ಒಬ್ಬೊಬ್ಬರಿಗೂ ಫೋನ್ ಮಾಡ್ತಾ ಹೋದ್ರೆ ಒಂದು ಲೇಖನಾನೂ ಉಳಿಯಲ್ಲ ಮೇಡಂ. ಈ ಕಡೆ ಬಂದಾಗ ಊಟಕ್ಕೆ ಬನ್ನಿ. ಏಡಿ ಚೆನ್ನಾಗಿ ಬರ್ತಿದೆ ಈಗ.”

ಉಳಿದ ಲೇಖನಗಳನ್ನು ಬರೆದವರಿಗೂ ಫೋನ್ ಮಾಡಿದೆ. ಒಬ್ಬರು ಪಟಕ್ಕನೆ ಇಟ್ಟುಬಿಟ್ಟರು. ಇನ್ನೊಬ್ಬರಿಗೆ ಆ ಲೇಖನದಲ್ಲಿ ತಮ್ಮ ಹೆಸರಿರುವುದೇ ಗೊತ್ತಿರಲಿಲ್ಲ!

ಪುಡಿಯಿಂದ ಏನೂ ಆಗದು ಎನ್ನುತ್ತಿಲ್ಲ ಮಗಳೇ. ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ನನಗೆ ದಿಗಿಲಾಗಿರುವುದೇ ಅದಕ್ಕೆ. ಅದನ್ನು ಮುಟ್ಟಬೇಡ. ಇಲ್ಲಿಗೆ ಬಾ, ಒಳ್ಳೆಯ ಲಿವರ್ ತಜ್ಞರಿಗೆ ತೋರಿಸೋಣ. ತಾಂಗ್ ಹೇಳಿದ್ದಷ್ಟನ್ನೂ ನನ್ನ ವರದಿಯಲ್ಲಿ ಬರೆಯುತ್ತಿದ್ದೇನೆ. ನಮ್ಮ ವಿಭಾಗದವರು ಬೇಡವೆಂದರೂ ಬರೆಯುತ್ತೇನೆ.

ಕಣ್ಣು ಹಳದಿಗಟ್ಟದೆ, ಮೈಕೈ ತುಂಬಿಕೊಂಡು, ನನಗಿಂತ ದೊಡ್ಡ ಮುದುಕಿಯಾಗುವ ತನಕ ಬಾಳು.

ನಿನ್ನ ಸೋದರತ್ತೆ,
ಪೈಜೆನ್

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ತಾಂಗ್ ಅವರ ಪ್ರಯೋಗ ನಡೆದದ್ದು ನಿನ್ನ ಅಪ್ಪನನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ, ಅದೇ ವರ್ಷ. ಫೋನ್ ಇಡುವ ಮುಂಚೆ ಹೆಸರು ಹೇಳಿ ಕೇಳಿದೆ. “ಗೂ ವೈಲಿಯಾಂಗಾ? ನೆನಪಿದೆ, ಪುಡಿ ತಗೊಳ್ತಿದ್ದ. ಮಧ್ಯದಲ್ಲೇ ಬಿಟ್ಟು ಹೋದ” ಎಂದರು. ಬಿಟ್ಟು ಹೋಗಲಿಲ್ಲ ಯಾವ್‌ಚಿನ್. ಅವರದೇ ವಾರ್ಡಿನಲ್ಲಿ, ನನ್ನ ಕೈ ಹಿಡಿದುಕೊಂಡೇ ಸತ್ತ ನನ್ನ ತಮ್ಮ.