ಉದಯ ಕಲಿಸಿದ ರ‍್ಯಾಜ್

೧೪ ಸೆಪ್ಟೆಂಬರ್, ಭಾನುವಾರ. ಕಾಗಾಲ.

ರಾಣಿ ಸೊನ್ನೆಯಲ್ಲವಂತೆ. ಸಂಜೆಯಿಂದ ಅದೊಂದೇ ತಲೆಯಲ್ಲಿ ಕೂತಿದೆ.

ತಮ್ಮ ಉದಯ ತೀರಿಕೊಂಡು ತಿಂಗಳಾಯಿತು. ಅವನ ಜೊತೆ ಹಡಗಿನ ಅಡುಗೆಮನೆಯಲ್ಲಿದ್ದ ಉಮೇಶ ಇವತ್ತು ಹಿರೇಗುತ್ತಿಯಿಂದ ಬಂದಿದ್ದ. ಚಹಾ ಕುಡಿದಾದ ಮೇಲೆ ನಾನೇ ಉದಯನ ಇಸ್ಪೀಟು ಕಟ್ಟು ತಂದು ಆಡಲು ಕರೆದೆ. ಹಡಗಿನಲ್ಲಿ ಕಲಿತ ‘ರ‍್ಯಾಜ್’ ಎಂಬ ಪೋಕರ್ ಆಟವನ್ನು ಅವನು ಹಾಸಿಗೆ ಹಿಡಿದ ಮೇಲೆ ನನಗೆ ಕಲಿಸಿದ್ದ. ಏಳು ಎಲೆಗಳಲ್ಲಿ ಐದು ಆರಿಸಬೇಕು. ಜೋಡಿ ಬಂದರೆ ಕೆಟ್ಟದು, ಸಣ್ಣ ಎಲೆಗಳಿದ್ದವರೇ ಗೆದ್ದಂತೆ.

ನಾನು ರಾಣಿಯನ್ನಿಟ್ಟು ಗೆದ್ದೆ ಅಂದೆ.

“ರಾಣಿ ದೊಡ್ಡೆಲೆ ಅಲ್ವಾ ಅಕ್ಕಾ? ಎಲ್ಲಕ್ಕಿಂತ ಸಣ್ಣದು ಎಕ್ಕ.”

“ಹೆಂಗಸರ ಕೈಲಿ ರಾಣಿ ಸೊನ್ನೆ, ಎಕ್ಕಕ್ಕಿಂತಲೂ ಸಣ್ಣದು ಅಂತ ಉದಯ ಹೇಳಿದ್ದ.”

ಉಮೇಶ ತಲೆ ತಗ್ಗಿಸಿದ. “ಹಂಗೆಂತ ರೂಲ್ ಇಲ್ಲ ಅಕ್ಕಾ.”

ಸೋತರೆ ಎದ್ದುಹೋಗುವವಳು ನಾನು. ಸಣ್ಣವರಿದ್ದಾಗ ಕೇರಂ ಆಡುವಾಗಲೂ ಹಾಗೆಯೇ. ಅದು ಉದಯನಿಗೆ ಗೊತ್ತಿತ್ತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಅವನಿಗೆ ಒಬ್ಬನೇ ಇರಲು ಹೆದರಿಕೆಯಾಗುತ್ತಿತ್ತೇನೋ, ಬಾಯಿಬಿಟ್ಟು ಹೇಳಲಿಲ್ಲ. “ಇನ್ನೊಂದಾಟ ಅಕ್ಕಾ, ನೀನೇ ಗೆಲ್ಲೂದು” ಅನ್ನುತ್ತಿದ್ದ. ನಾನು ಗೆದ್ದ ಜಂಬದಲ್ಲಿ ಅವನ ಮಂಚದ ಬಳಿಯೇ ಕೂತಿರುತ್ತಿದ್ದೆ, ಒಲೆಯ ಮೇಲಿನ ಗಂಜಿ ತಣ್ಣಗಾದರೂ ಏಳುತ್ತಿರಲಿಲ್ಲ.

“ಸರಿಯಾದ ಆಟ ಕಲಿಸ್ಲಾ?” ಎಂದು ಉಮೇಶ ಕೇಳಿದ. ಬೇಡ ಅಂದೆ. ಅವನು ಎಲೆಗಳನ್ನು ಕೂಡಿಸಿಟ್ಟು ಹೊರಟ.

ಬಾ ಅಕ್ಕಾ, ಹತ್ತಿರ ಕೂತ್ಕೋ ಅಂತ ಒಂದು ಸಲ ಕೇಳಿದ್ದರೆ ಸಾಕಿತ್ತಲ್ಲೋ ಉದಯಾ. ಸೋತರೂ ಕೂತಿರುತ್ತಿದ್ದೆ. ಎಷ್ಟು ಸೋತರೂ.