ಲೋಟದ ಆಟದಲ್ಲಿ ಕೊಟ್ಟ ಮಾತು

ಕುಷಾಯಿಗೂಡ, ಸೋಮವಾರ

ಅಣ್ಣ ಸಿದ್ದರಾಮಪ್ಪನವರಿಗೆ ತಂಗಿ ಗುರುಬಾಯಿಯ ಶರಣುಗಳು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಪಕ್ಕದ ಮನೆಯ ಸುಗುಣಮ್ಮನವರಲ್ಲಿ ಹೆಂಗಸರೆಲ್ಲ ಸುತ್ತ ಕೂತು ಸ್ಟೀಲ್ ಲೋಟದ ಆಟ ಆಡಿದೆವು. ತಾಳಕ್ಕೆ ಸರಿಯಾಗಿ ಲೋಟವನ್ನು ನೆಲಕ್ಕೆ ಬಡಿದು, ಆಮೇಲೆ ಪಕ್ಕದವರಿಗೆ ದಾಟಿಸಬೇಕು. ಎಲ್ಲರೂ ತೆಲುಗಿನಲ್ಲಿ "ಕೊಟ್ಟು, ಕೊಟ್ಟು" ಎಂದು ಕೂಗುತ್ತಿದ್ದರು. ಹಾಗೆಂದರೆ ಬಡಿ ಅಂತಂತೆ. ಹೊಸದಾಗಿ ಊರು ಬಿಟ್ಟು ಬಂದ ನನಗೇನು ಗೊತ್ತು? ಕೊಡು ಅನ್ನುತ್ತಿದ್ದಾರೆಂದು ತಿಳಿದು, ಬಡಿಯದೆಯೇ "ಕೊಟ್ಟೆ, ಕೊಟ್ಟೆ" ಎನ್ನುತ್ತ ಸುಗುಣಮ್ಮನವರ ಕೈಗೆ ಲೋಟ ಇಡುತ್ತಾ ಹೋದೆ.

ಆಕೆ ಜಹೀರಾಬಾದಿನವರು, ಕನ್ನಡ ಬಲ್ಲವರು. ತಮ್ಮ ಮಗನಿಗೆ ನಮ್ಮ ಧನಶ್ರೀಯನ್ನು ಕೇಳಿದ್ದರು. ನಿಮ್ಮ ಮಗ ಶಿವಪ್ರಕಾಶನಿಗೆಂದು ಮಾತಾಗಿದೆ ಎಂದು ನಾನೇ ಬೇಡವೆಂದಿದ್ದೆ. ಈಗ ಆಟ ನಿಲ್ಲಿಸಿ ನಕ್ಕರು.

"ಏನ್ರೀ ಗುರುಬಾಯಿ, ಎಲ್ಲಾರ ಮುಂದ ಕೊಟ್ಟೆ ಕೊಟ್ಟೆ ಅನ್ನಾಕತ್ತೀರಿ! ಲೋಟಾನೋ, ಹುಡುಗೀನೋ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಚಹಾ ಹಿಡಿದು ಹಿಂದೆ ನಿಂತಿದ್ದ ಧನಶ್ರೀ, "ಅವ್ವಾ, ಹುಡುಗಿ ಅನ್ನು," ಎಂದಳು.

ಮನೆಗೆ ಬಂದು ಲಿಂಗಪೂಜೆಗೆ ಕೂತರೂ ಕಿವಿಯಲ್ಲಿ ಅದೇ ಮಾತು. ನನ್ನ ಮಾತು ಆಟದ್ದು, ಅಣ್ಣ. ಅವಳದು ಆಟದ್ದಲ್ಲ.

ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿರಿ, ವೈನಿಯನ್ನೂ ಕರೆತನ್ನಿ. ಸೋದರಮಾವ ಕೈಹಿಡಿದು ಕರೆತಂದರೆ ಮಾತ್ರ ಹಂದರಕ್ಕೆ ಬರುತ್ತೇನೆ, ಇಲ್ಲದಿದ್ದರೆ ಈ ಮದುವೆಯೇ ಬೇಡ ಎನ್ನುತ್ತಿದ್ದಾಳೆ ನಿಮ್ಮ ಸೊಸೆ.

ನಿಮ್ಮ ಉತ್ತರಕ್ಕೆ ಅಂಜಿ ಕೂತಿರುವ
ಗುರುಬಾಯಿ